ಅಪ್ಪನಿಗೆ ಒಪ್ಪಿಗೆಯಾಗದ ತೋಳಗಳು

ನನ್ನ ಮದುವೆ ಎರಡು ವರ್ಷ ನಿಂತಿದ್ದು ವರದಕ್ಷಿಣೆಗಲ್ಲ, ಹುಡುಗ ಬೇಡವೆಂದಿದ್ದಕ್ಕೂ ಅಲ್ಲ. ನಮ್ಮಪ್ಪನ ಕಣ್ಣಿಗೆ ಒಂದು ತೋಳ ಬೀಳಲಿಲ್ಲ ಎಂಬ ಕಾರಣಕ್ಕೆ. ಇದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಯಾವ ಬಾಯಿಂದ ಹೇಳಲಿ? ಜಾತಕ ಕೂಡಿಬಂದಿಲ್ಲ ಎಂದು ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು.

ನಮ್ಮದು ಬೀಳಗಿ ಕಡೆಯ ಕುರಿಗಾರರ ಮನೆತನ, ಬೀರೇಶ್ವರನ ಒಕ್ಕಲು. ನಮ್ಮಂಥ ನಾಲ್ಕಾರು ಮನೆತನಗಳಲ್ಲಿ ಒಂದು ಪದ್ಧತಿ ಇದೆ. ಹಿರಿಮಗಳ ಮದುವೆಯ ಮಾತುಕತೆ ಮುಗಿದ ಮೇಲೆ ಹೆಣ್ಣಿನ ಮನೆಯ ಹಿರಿಯರು ತೋಳವನ್ನು ಕಣ್ಣಾರೆ ನೋಡಬೇಕು. ನೋಡಿದ ಮೇಲೆಯೇ ತಾರೀಖು. ತೋಳ ಸುಳಿಯುವ ಕಡೆ ಕುರಿ ಇರುತ್ತವೆ, ಕುರಿಯಿದ್ದ ಮನೆಯಿಂದ ಹೆಣ್ಣು ತಂದರೆ ಬಾಳು ಹಸನಾಗುತ್ತದೆ ಎಂಬ ಲೆಕ್ಕ. ಅಜ್ಜನ ಕಾಲಕ್ಕೆ ಇದು ಕಷ್ಟವೇ ಆಗಿರಲಿಲ್ಲ. ಹಟ್ಟಿಯ ಹೊರಗೆ ಬಂದು ಬೀಡಿ ಹಚ್ಚುವಷ್ಟರಲ್ಲಿ ತೋಳ ಕಾಣುತ್ತಿತ್ತಂತೆ. ಆಮೇಲೆ ಅಣೆಕಟ್ಟಿನ ಹಿನ್ನೀರು ಬಂತು. ಊರೂ ಮುಳುಗಿತು, ಮೇಯಿಸುವ ಬಯಲೂ ಮುಳುಗಿತು. ನಾವು ಪುನರ್ವಸತಿ ಕೇಂದ್ರದ ತಗಡಿನ ಮನೆಗೆ ಬಂದೆವು, ಅಪ್ಪ ಕುರಿ ಮಾರಿದ, ಮೇಲುಳಿದ ನೆಲಕ್ಕೆಲ್ಲ ಕಬ್ಬು ಬಂತು. ಪದ್ಧತಿಯೊಂದು ಮಾತ್ರ ಮುಳುಗಲಿಲ್ಲ.

ಹುಡುಗನ ಹೆಸರು ಹಾಲೇಶ. ಹಿಪ್ಪರಗಿಯವನು, ಸೈನ್ಯದಲ್ಲಿದ್ದ. ನನಗೆ ಅವನು ಮೊದಲ ದಿನವೇ ಮನಸ್ಸಿಗೆ ಬಂದಿದ್ದ. ಅವನು ರಜೆಗೆ ಬಂದಾಗಲೆಲ್ಲ ಅವನ ತಾಯಿ ಲಕ್ಷ್ಮವ್ವ ಹೇಳಿಕಳಿಸುತ್ತಿದ್ದಳು: "ಬೀಗರು ತೋಳ ನೋಡಿದ್ರೇನು?" ಕೊನೆಗೆ ಈ ಬೇಸಿಗೆ ದಾಟಿದರೆ ಬೇರೆ ಕಡೆ ಹೆಣ್ಣು ನೋಡುವುದಾಗಿ ಹೇಳಿಕಳಿಸಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ಅಪ್ಪನ ಮೇಲೆ.

ಹಾಗೆಂದು ನಾನೇನು ಕೈಕಟ್ಟಿ ಕುಳಿತಿರಲಿಲ್ಲ. ಮೊದಲ ವರ್ಷವೇ ಅಪ್ಪನನ್ನು ಬಸ್ಸಿಗೆ ಹತ್ತಿಸಿಕೊಂಡು ಒಂದು ಸಣ್ಣ ಮೃಗಾಲಯಕ್ಕೆ ಹೋದೆ. ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತಿದ್ದಳು. ಅಲ್ಲಿದ್ದದ್ದು ನಮ್ಮ ನಾಡಿನದೇ ತೋಳ. ಕಂದು ಬಣ್ಣ, ತೆಳು ಮೈ, ಉದ್ದ ಕಾಲು. ಬೇವಿನ ಗಿಡದ ನೆರಳಲ್ಲಿ ಮಲಗಿತ್ತು. ಅಪ್ಪ ಕಂಬಿ ಹಿಡಿದು ಬಹಳ ಹೊತ್ತು ನೋಡಿದ.

"ಇದು ತೋಳ ಅಲ್ಲ" ಎಂದ.

"ಬೋರ್ಡ್ ಹಾಕ್ಯಾರಲ್ಲಪಾ."

"ಹಾಕ್ಲಿ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದಿ. ಇದು ಸರಕಾರಿ ನೌಕರ."

ನಾನೂ ಸರಕಾರಿ ನೌಕರಳೇ. ವಾಪಸು ಬರುವಾಗ ಬಸ್ಸಿನಲ್ಲಿ ಅವನೊಡನೆ ಒಂದು ಮಾತೂ ಆಡಲಿಲ್ಲ.

ಆದರೆ ಮದುವೆಯ ಗರಜು ನನ್ನದು. ಮುಂದಿನ ದಸರೆ ಸೂಟಿಯಲ್ಲಿ ರೈಲಿನಲ್ಲಿ ದೊಡ್ಡ ಶಹರದ ಮೃಗಾಲಯಕ್ಕೆ ಕರೆದೊಯ್ದೆ. ಅವ್ವ ಮತ್ತೆ ರೊಟ್ಟಿ ಕಟ್ಟಿದಳು. ಅಲ್ಲಿ ಯುರೋಪಿನ ತೋಳ ಇತ್ತು. ಬೂದು ಬಣ್ಣ, ಕತ್ತಿನ ತುಂಬ ಕೂದಲು, ನಮ್ಮದಕ್ಕಿಂತ ಎಷ್ಟೋ ದಪ್ಪ. ಮಲಗಿರಲಿಲ್ಲ, ಆ ತುದಿಯಿಂದ ಈ ತುದಿಗೆ ಓಡಾಡುತ್ತಿತ್ತು. ಈ ಸಲ ನೌಕರ ಎನ್ನಲಾರ ಎಂದುಕೊಂಡೆ.

"ಇದು ಕರಡಿಗೆ ಹುಟ್ಟಿದ್ದು" ಎಂದ ಅಪ್ಪ.

ನಾನು ಅಲ್ಲಿಯೇ ಪಾಠ ಶುರು ಮಾಡಿದೆ. ಎಲ್ಲವೂ ತೋಳವೇ, ಉಪಜಾತಿ ಬೇರೆ ಅಷ್ಟೇ, ನಮ್ಮಲ್ಲಿ ಕರಿಕುರಿ ಕೆಂಗುರಿ ಇಲ್ಲವೇ, ಚಳಿ ದೇಶದಲ್ಲಿ ಕೂದಲು ಜಾಸ್ತಿ, ಬಿಸಿಲು ದೇಶದಲ್ಲಿ ಕಮ್ಮಿ ಎಂದು ಹೇಳಿದೆ. ಅಪ್ಪ ತಾಳ್ಮೆಯಿಂದ ಕೇಳಿದ.

"ನಿನ್ನ ಹಾಜರಿ ಕರದಾಗ ಬ್ಯಾರೆ ಊರಿನ ಮಾಸ್ತರ್ತಿ ಬಂದು ಹೂಂ ಅಂದ್ರ ನಡೀತೈತೇನು?"

ಇಂಥವನಿಗೆ ಏನು ಹೇಳುವುದು? ಬೇರೆ ವಿಷಯಕ್ಕೆ ಕಿವಿ ಕೇಳದ ಮನುಷ್ಯನಿಗೆ ಇಂಥ ಮಾತುಗಳು ಎಲ್ಲಿಂದ ಹುಟ್ಟುತ್ತವೋ.

ಬಯಲಿನಲ್ಲೂ ಹುಡುಕಿದೆವು. ಅಣ್ಣ ಮಾಳು ಬೈಕಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಬೆಳಬೆಳಗ್ಗೆ ಕಲ್ಲುಗುಡ್ಡಗಳನ್ನೆಲ್ಲ ಸುತ್ತಿದ. ನರಿ ಕಂಡವು, ಅಪ್ಪ ಬೇಡವೆಂದ. ಒಂದು ದಿನ ಮುಧೋಳದ ಹತ್ತಿರ ಕಬ್ಬಿನ ಬದುವಿನ ಮೇಲೆ ಉದ್ದ ಕಾಲಿನ, ಬಡಕಲು ಹೊಟ್ಟೆಯ ಪ್ರಾಣಿ ಕಂಡಿತಂತೆ. ಅಪ್ಪ ಬೈಕಿನಿಂದ ಇಳಿದು ರುಮಾಲು ತೆಗೆದು ಕೈಮುಗಿದನಂತೆ. ಅಷ್ಟರಲ್ಲಿ ಕಬ್ಬಿನೊಳಗಿಂದ ಒಬ್ಬ ಬಂದು ಅದರ ಕೊರಳಿಗೆ ಹಗ್ಗ ಹಾಕಿದ. ಮುಧೋಳ ನಾಯಿ. ಮಾಳು ಆ ಕತೆಯನ್ನು ಬೀಳಗಿಯ ಬಸ್ ಸ್ಟ್ಯಾಂಡಿನ ತುಂಬ ಹೇಳಿಕೊಂಡು ನಕ್ಕ. ನನಗೆ ಅಳು ಬಂತು.

ಏಪ್ರಿಲಿನಲ್ಲಿ ಹಾಲೇಶ ರಜೆಯ ಮೇಲೆ ನಮ್ಮ ಮನೆಗೇ ಬಂದ. ಅವನನ್ನು ಲಡಾಖಿಗೆ ಹಾಕಿದ್ದರು. ಚಹಾ ಮುಟ್ಟದೆ ಮೊಬೈಲ್ ತೆಗೆದು ಅಪ್ಪನ ಮುಂದೆ ಹಿಡಿದ. ಬರೀ ಕಲ್ಲಿನ ಇಳಿಜಾರು, ಅಲ್ಲಲ್ಲಿ ಹಿಮ, ನಡುವೆ ಮಾಸಲು ಬಣ್ಣದ ತೋಳವೊಂದು ತಿರುಗಿ ನೋಡುತ್ತಿದೆ. ಕಂಬಿಯಿಲ್ಲ, ಬೋರ್ಡಿಲ್ಲ, ಊಟ ಹಾಕುವವರಿಲ್ಲ. ನಾನು ನೋಡಿದ ಮೂರು ಬಗೆಯ ತೋಳಗಳಲ್ಲಿ ಅದೇ ಚಂದ.

"ಮಾವಾರ, ಇದು ಅಡವ್ಯಾಗಿಂದು. ನಾನ ತಗದೇನ್ರಿ."

"ಛಲೋ ಐತಿ" ಎಂದ ಅಪ್ಪ. ನಾನು ಉಸಿರು ಬಿಟ್ಟೆ. "ಆದ್ರ ನೋಡಿದಾವ ನೀನು. ನೋಡಬೇಕಾದಾವ ನಾ."

ಹಾಲೇಶ ತಲೆ ತಗ್ಗಿಸಿದ. ಆಗ ನನಗೆ ತಡೆಯಲಾಗಲಿಲ್ಲ.

"ಹೆಣ್ಣ ಕೊಡಾಕ ಮನಸ್ಸಿಲ್ಲಂದ್ರ ಕೊಡೂದಿಲ್ಲ ಅನ್ನು. ತೋಳದ ನೆವಾ ಯಾಕ ಹೇಳ್ತಿ? ಹೋಗಿದ್ದು ನಿನ್ನ ಕುರಿ. ಅದಕ್ಕ ನನ್ನ ಬಾಳೆ ಯಾಕ ಹಾಳ ಮಾಡಾಕತ್ತಿ?"

ಅಪ್ಪನ ಮುಖ ಸಣ್ಣದಾಯಿತು. "ಅದಕ್ಕ ಹೆದರಿಕಿ ನನಗ" ಎಂದ. "ಕುರಿ ಇಲ್ಲದ ಮನಿ. ತೋಳನೂ ಕಾಣಂಗಿಲ್ಲಂದ್ರ ನಾ ಏನ ನಂಬಿ ನಿನ್ನ ಕಳಸ್ಲಿ?"

ಅಷ್ಟು ದಿನದಲ್ಲಿ ಅವನು ಆಡಿದ ಒಂದೇ ನೆಟ್ಟಗಿನ ಮಾತು ಅದು.

ಅವ್ವ ಸತ್ಯವ್ವ ಹಿನ್ನೀರಿನ ದಂಡೆಯ ಕಬ್ಬಿನಲ್ಲಿ ಕಸ ತೆಗೆದು ಆಗಷ್ಟೇ ಬಂದಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಹಾಲೇಶನ ಹಿಂದೆ ಬಂದು ಮೊಬೈಲಿನೊಳಗೆ ಬಗ್ಗಿ ನೋಡಿದಳು.

"ಇದಕ್ಕ ಕೂದಲ ಭಾಳ ಅದಾವ ನೋಡು" ಎಂದಳು. "ನಮ್ಮದು ಬಡಕ."

"ನಮ್ಮದು ಯಾವುದು?" ಎಂದೆ.

"ಕಬ್ಬಿನ ಬದುವಿನ ಮ್ಯಾಲೆ ಬರ್ತೈತಲ್ಲ, ಅದು. ಹೋದ ವರ್ಷ ಕಬ್ಬಿನ್ಯಾಗ ಮರಿ ಹಾಕಿತ್ತು. ನಾವು ಕಸಾ ತಗ್ಯಾಕ ಹೋದ್ರ ಸರದು ನಿಲ್ತೈತಿ."

ಅಪ್ಪ ಗೋಡೆಗೆ ಒರಗಿದ್ದವನು ನೆಟ್ಟಗೆ ಕುಳಿತ.

"ಅದು ತೋಳ ಅಂತ ನಿನಗ ಹೆಂಗ ಗೊತ್ತು?"

"ನಾನೂ ಕುರಿಗಾರನ ಮಗಳ."

ಅಪ್ಪ ಸ್ವಲ್ಪ ಹೊತ್ತು ಮೀಸೆ ಸವರಿಕೊಂಡ. ಆಮೇಲೆ, ನಾನು ಹೆದರಿದ್ದ ಮಾತನ್ನೇ ಆಡಿದ. "ಹೆಣ್ಣಮಕ್ಕಳು ನೋಡಿದ್ದು ನಡ್ಯಾಂಗಿಲ್ಲ."

ನಾನು ಬಾಯಿ ತೆರೆದಿದ್ದೆ. ಅವ್ವ ಕೈ ಅಡ್ಡ ಮಾಡಿದಳು. ಅಪ್ಪನಿಗೆ ಹೇಳುವಾಗ ಅವಳ ದನಿ ಏರಲಿಲ್ಲ.

"ನನ್ನ ಮದುವಿ ಹೊತ್ತಿಗೆ ನಮ್ಮಪ್ಪ ತೀರಿಕೊಂಡಿದ್ದ. ತೋಳ ನೋಡಿ ಬಂದಾಕಿ ನಮ್ಮವ್ವ. ನಿಮ್ಮಪ್ಪ ಹೂಂ ಅಂದು ತಾರೀಖ ಹಿಡದ. ಅದು ನಡ್ಯಾಂಗಿಲ್ಲಂದ್ರ ನಂದೂ ನಿಂದೂ ಮದುವಿನ ಆಗಿಲ್ಲ. ಹೇಳು, ನಾ ಗಂಟು ಕಟ್ಕೊಂಡು ನಮ್ಮೂರಿಗೆ ಹೋಗ್ಲೇನು?"

ಹಾಲೇಶ ಚಹಾದ ಲೋಟ ಎತ್ತಿಕೊಂಡು ಅದರಲ್ಲೇ ಮುಖ ಮುಚ್ಚಿಕೊಂಡ. ಅಪ್ಪ ಅವ್ವನನ್ನು ನೋಡಿದ, ನೆಲ ನೋಡಿದ, ಮತ್ತೆ ಅವ್ವನನ್ನು ನೋಡಿದ. ಆಮೇಲೆ ಹಾಲೇಶನ ಕಡೆ ತಿರುಗಿ, "ನಿನ್ನ ರಜಾ ಯಾವಾಗ ಮುಗೀತೈತಿ?" ಎಂದು ಕೇಳಿದ.

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮುಂಚೆ ಸಿಟ್ಟು ನೆತ್ತಿಗೇರಿತು. ಬಸ್ಸು, ರೈಲು, ಸ್ಟಾಫ್ ರೂಮಿನ ಸುಳ್ಳು ಎಲ್ಲ ಒಟ್ಟಿಗೆ ನೆನಪಾದವು. ಅಡುಗೆ ಮನೆಗೆ ಹೋಗಿ ಅವ್ವನ ಮೇಲೆ ಎಗರಿಬಿದ್ದೆ.

"ಎರಡು ವರ್ಷ ಬಾಯಾಗ ಏನ ಇಟ್ಕೊಂಡಿದ್ದಿಬೇ? ತೋಳ ಐತಿ ಅಂತ ಒಂದು ಮಾತ ಹೇಳಿದ್ರ ನಾವ್ಯಾಕ ಊರೂರು ತಿರಗ್ತಿದ್ವಿ?"

"ಮೊದಲನೇ ಸಲ ಹೇಳಾಕ ಬಂದಿದ್ನಿ. ಬಸ್ಸ ತಪ್ಪತೈತಿ ಅಂತ ಹೊಂಟ್ರಿ" ಎಂದಳು. ಹಿಟ್ಟು ನಾದುತ್ತಲೇ ಇದ್ದಳು. "ಎರಡನೇ ಸಲ ನಾನ ಹೇಳಲಿಲ್ಲ."

"ಯಾಕ?"

"ಹೇಳಿದ್ರ ನೀವು ಹೋಗೂದ ನಿಲ್ಲತಿತ್ತು. ನನ್ನೂ ಬಾ ಅಂತೀರೇನೋ ಅಂತ ಬಾಗಲದಾಗ ನಿಂತಿದ್ನಿ. ನನಗೂ ಬ್ಯಾರೆ ದೇಶದ ತೋಳ ಒಂದು ನೋಡಬೇಕಂತಿತ್ತು."

ಆಮೇಲೆ ರೊಟ್ಟಿ ಬಡಿಯಲು ಕುಳಿತಳು. ನನ್ನ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕುವುದೋ ತಿಳಿಯದೆ ಬಾಗಿಲಲ್ಲಿ ನಿಂತೇ ಇದ್ದೆ.