ಸಂಬಳವಿಲ್ಲದ ಮೇಲ್ವಿಚಾರಕಿ

ಮೇಜಿನ ಮೇಲಿನ ಆ ಬಿಳಿ ಬಟ್ಟೆಯ ಮಡಿಕೆಯ ಗೆರೆ ಸೊಟ್ಟಗಿದೆ, ನಡುವಿನಿಂದ ಹೊರಟು ಬಲಕ್ಕೆ ವಾಲಿ ನೀರಿನ ಜಗ್ಗಿನ ಕೆಳಗೆ ಹೋಗಿ ಅಡಗಿಕೊಂಡಿದೆ, ಯಾರೋ ಒಬ್ಬರೇ ಮಡಚಿದ್ದಾರೆ, ಇಷ್ಟು ದೊಡ್ಡ ಬಟ್ಟೆಯನ್ನು ಒಬ್ಬರೇ ಮಡಚಲು ಹೊರಟರೆ ಹೀಗೇ ಆಗುವುದು, ಒಂದಂಚನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಂಡು ಎರಡೂ ಕೈ ಅಗಲಿಸಿ ಎಷ್ಟು ಸರ್ಕಸ್ ಮಾಡಿದರೂ ಮೂಲೆಗೆ ಮೂಲೆ ಕೂಡುವುದಿಲ್ಲ — ಮೂಲೆ ಸೇರಿಲ್ಲ, ಅಂದಳು ಅವಳೂ, ನನಗೊಬ್ಬಳಿಗೇ ಕೇಳುವವಳು, ಎಡಗಿವಿಯ ಹಿಂದಿನಿಂದ, ಗೋಡೆಯ ಆಚೆಯಿಂದ ಅಂದ ಹಾಗೆ, ಹೌದು ತಾಯಿ, ನೋಡಿದೆ, ನನಗೂ ಕಣ್ಣಿದೆ, ಸ್ವಲ್ಪ ಸುಮ್ಮನಿರು, ಇವತ್ತು ನನಗೆ ಕೆಲಸವಿದೆ. ಕೆಲಸ ಅಂದರೆ ಮಾತಾಡುವುದು. ಆಸ್ಪತ್ರೆಯ ಹಿಂಬದಿಯ ಈ ಹಾಲಿನಲ್ಲಿ, ಮನಸ್ಸಿನ ಕಾಯಿಲೆಯ ಜೊತೆ ಬಹಳ ಕಾಲ ಬದುಕಿದವರು ಹೊಸದಾಗಿ ಬಂದವರಿಗೆ ತಮ್ಮ ಕಥೆ ಹೇಳಬೇಕಂತೆ, ಒಳ್ಳೇದನ್ನ ಹೇಳಿ ಅಜ್ಜೀ, ಕೆಟ್ಟದ್ದು ಅವರಿಗೆಲ್ಲ ಗೊತ್ತೇ ಇದೆ, ಅಂದಿದ್ದರು ಡಾಕ್ಟರಮ್ಮ, ನಾನೂ ಹೂಂ ಅಂದಿದ್ದೆ, ಹೂಂ ಅನ್ನುವಾಗ ಎಷ್ಟು ಸುಲಭ. ಈಗ ನನಗಿಂತ ಮುಂಚೆ ಒಬ್ಬ ಬಸ್ ಡ್ರೈವರ್ ಎದ್ದು ನಿಂತಿದ್ದಾನೆ, ಒಳ್ಳೆಯ ಶರಟು, ಒಳ್ಳೆಯ ಇಸ್ತ್ರಿ, ನನಗೆ ಪೂರ್ತಿ ಗುಣ ಆಗಿದೆ, ಒಂದು ಕೆಟ್ಟ ಕನಸು ಕಂಡು ಎದ್ದ ಹಾಗೆ ಆಗಿದೆ, ಅನ್ನುತ್ತಿದ್ದಾನೆ, ಆಗಿರಲಿ, ಅವನ ಹೊಟ್ಟೆ ತಣ್ಣಗಿರಲಿ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಆದರೆ ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಚಪ್ಪಲಿ ಬಿಡದೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುವ ನನ್ನ ಮೊಮ್ಮಗಳು ಚಪ್ಪಾಳೆ ತಟ್ಟಲಿಲ್ಲ, ಒಂದು ಕಾಲನ್ನು ಬಾಗಿಲ ಕಡೆಗೆ ಸರಿಸಿದಳು, ನಾನು ನೋಡಿದೆ.

ನಿನ್ನೆ ಕೇಳಿದಳಲ್ಲ, ನಾನು ಸೂಜಿಗೆ ದಾರ ಪೋಣಿಸಲಾರದೆ ಅವಳ ಕೈಗೆ ಕೊಟ್ಟಾಗ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಕಲಿಯುತ್ತಿದ್ದ ಹುಡುಗಿ, ಬೆರಳು ಎಷ್ಟು ಚುರುಕು, ಹೋದ ತಿಂಗಳು ಇದೇ ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಅಂಗಡಿಯ ಕಡೆ ತಲೆ ಹಾಕಿಲ್ಲ, ಕಿಟಕಿಯ ಪರದೆಯನ್ನೂ ಸರಿಸಿಲ್ಲ, ಅವಳಿಗೂ ದನಿ ಕೇಳುತ್ತದೆ, ನನಗೆ ಒಬ್ಬಳು, ಅವಳಿಗೆ ಒಂದು ಗುಂಪು, ಗುಸುಗುಸು ಮಾತಾಡುವ ಗುಂಪು — ದಾರ ಪೋಣಿಸುತ್ತಾ ತಲೆ ಎತ್ತದೆ ಕೇಳಿದಳು, ಅಜ್ಜೀ, ಇದು ಹೋಗತ್ತಾ, ನಿನಗೆ ಹೋಯ್ತಂತಲ್ಲ, ಅಮ್ಮ ಹೇಳ್ತಾಳೆ. ಮಗಳು ಹಾಗೆ ಹೇಳಿದ್ದಾಳೆ, ಅಜ್ಜಿಗೆ ಯಾವತ್ತೋ ಏನೋ ಆಗಿತ್ತು, ಹೋಯಿತು, ಅಂತ, ಅವಳ ಮಟ್ಟಿಗೆ ಅದು ನಿಜವೇ, ಅವಳು ಬುದ್ಧಿ ತಿಳಿದು ನೋಡಿದ್ದು ಕೆಲಸಕ್ಕೆ ಹೋಗಿ ಬರುವ ಅಮ್ಮನನ್ನು, ಆ ಅಮ್ಮನ ಒಳಗಿನ ಗೋಡೆಗೆ ಯಾರು ಕಿವಿಯಿಟ್ಟು ನೋಡುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಅಂದಳು, ಹೋಗದೇ ಇದ್ರೆ ನನಗೆ ಇನ್ನೇನೂ ಬೇಡ ಅಜ್ಜಿ, ಇಲ್ಲೇ ಈ ರೂಮಲ್ಲೇ ಇದ್ದುಬಿಡ್ತೀನಿ. ನಾಳೆ ಬಾ, ನಾನು ಮಾತಾಡ್ತೀನಿ, ಕೇಳುವಿಯಂತೆ, ಅಂದೆ. ಬರ್ತೀನಿ, ಬಾಗಿಲ ಹತ್ರ ಕೂತ್ಕೋತೀನಿ, ಬೇಜಾರಾದ್ರೆ ಎದ್ದು ಹೋಗ್ತೀನಿ, ಅಂದಳು, ಅದಕ್ಕೇ ಆ ಚಪ್ಪಲಿ, ಅದಕ್ಕೇ ಆ ಕಾಲು. ಹೋಗಿಲ್ಲ ಅಂದರೆ ಎದ್ದು ಹೋಗುತ್ತಾಳೆ, ಹೋಯಿತು ಅಂದರೆ ನಾಳೆ ತನ್ನದು ಹೋಗದಿದ್ದಾಗ ತಾನೊಬ್ಬಳೇ ಸೋತವಳು ಅಂದುಕೊಳ್ಳುತ್ತಾಳೆ, ಏನು ಹೇಳಲಿ — ಏನೂ ಬರಲ್ಲ ನಿನಗೆ, ಅಂದಳು ಗೋಡೆಯಾಚೆಯವಳು, ಬರುತ್ತೆ ಇರು, ನನಗೆ ತಡವಾಗಿ ಬರುತ್ತೆ, ಅಕ್ಷರವೇ ತಲೆ ನರೆತ ಮೇಲೆ ಬಂತು.

ಮೊದಮೊದಲು ಅವಳನ್ನು ನಿಜವಾಗಿಯೂ ಪಕ್ಕದ ಮನೆಯವಳು ಅಂತಲೇ ತಿಳಿದಿದ್ದೆ, ತೆಳ್ಳಗಿನ ಗೋಡೆ, ಬಾಡಿಗೆ ಮನೆ, ಪಾತ್ರೆ ತೊಳೆದರೆ ಸರಿಯಾಗಿ ತೊಳೆದಿಲ್ಲ ಅನ್ನುವುದು, ಮಗು ಅತ್ತರೆ ಇವಳಿಗೆ ಮಗು ಸಾಕೋಕೆ ಬರಲ್ಲ ಅನ್ನುವುದು, ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಹೋಗಿ ಆ ಮನೆಯ ಬಾಗಿಲನ್ನು ದಬದಬ ಬಡಿದೆ, ಬಾರೇ ಆಚೆ, ಮುಖ ನೋಡ್ತೀನಿ, ಅಂತ, ಇಡೀ ಬೀದಿ ನಿಂತು ನೋಡಿತು, ಗಂಡ ಕೈಯಲ್ಲಿ ಗ್ರೀಸ್ ಮೆತ್ತಿಕೊಂಡೇ ಓಡಿ ಬಂದರು, ಗ್ಯಾರೇಜಿನಿಂದ, ಮೆಲ್ಲಗೆ ನನ್ನ ಕೈ ಹಿಡಿದು ಬೀಗ ತೋರಿಸಿದರು, ಇಲ್ಲಿ ಯಾರೂ ಇಲ್ಲ ಕಣೇ, ಖಾಲಿ ಮನೆ, ಅವರು ಬಿಟ್ಟುಹೋಗಿ ಎಷ್ಟೋ ಕಾಲ ಆಯ್ತು. ಬೀಗಕ್ಕೆ ಜೇಡ ಬಲೆ ಕಟ್ಟಿತ್ತು. ಈಗ ನೆನೆದರೆ ನಗು ಬರುತ್ತದೆ, ಖಾಲಿ ಮನೆಯ ಜೊತೆ ಜಗಳಕ್ಕೆ ಹೋದವಳು ನಾನು, ಅವತ್ತು ನಗು ಬರಲಿಲ್ಲ, ಅವತ್ತು ನೆಲ ಕುಸಿಯಿತು. ನನ್ನವರು ಹೆಚ್ಚು ಮಾತಿನವರಲ್ಲ, ಆ ರಾತ್ರಿಯಿಂದ ತಮ್ಮ ಕುರ್ಚಿಯನ್ನು ಆ ಗೋಡೆಗೆ ಒತ್ತಿ ಹಾಕಿಕೊಂಡು ಅದಕ್ಕೆ ಬೆನ್ನು ಕೊಟ್ಟು ಊಟ ಮಾಡುತ್ತಿದ್ದರು, ಶಬ್ದ ತಮ್ಮ ಬೆನ್ನು ದಾಟಿ ಬರಲಾರದು ಅನ್ನುವ ಹಾಗೆ, ಬೆನ್ನಿಗೆ ಸುಣ್ಣ ಮೆತ್ತುತ್ತಿತ್ತು, ನಾನು ಒರೆಸುತ್ತಿದ್ದೆ, ಅದೇ ನಮ್ಮ ಸಂಸಾರದ ಮಾತುಕತೆ, ಅವರು ಹೋಗಿ ಎಷ್ಟೋ ವರ್ಷ, ಆ ಬಿಳಿ ಬೆನ್ನು ಕಣ್ಣಿಗೆ ಕಟ್ಟಿದೆ. ಆಮೇಲೆ ಆಸ್ಪತ್ರೆ, ವಾರ್ಡು, ಮಾತ್ರೆ. ಮಾತ್ರೆ ಅವಳನ್ನು ಓಡಿಸಲಿಲ್ಲ, ಗೋಡೆಯನ್ನು ದಪ್ಪ ಮಾಡಿತು, ಅಷ್ಟೆ, ಅಷ್ಟೇ ಸಾಕಾಯಿತು, ಕೈ ನಡುಗುತ್ತದೆ, ಬಾಯಿ ಒಣಗುತ್ತದೆ, ಆದರೆ ಗೋಡೆ ದಪ್ಪಗಿದೆ.

ಲಾಂಡ್ರಿ, ಲಾಂಡ್ರಿಯ ಮಾತು ಹೇಳಬೇಕು, ಒಳ್ಳೆಯದು ಅಂದರೆ ಅದೇ. ನಾನು ಕೆಲಸ ಮಾಡುತ್ತಿದ್ದ ದೊಡ್ಡ ಹೋಟೆಲಿನ ನೆಲಮಾಳಿಗೆ, ಆವಿ, ಸೋಪಿನ ವಾಸನೆ, ಇಸ್ತ್ರಿ ಮಾಡುವ ಬಿಸಿ ರೋಲರಿನಿಂದ ಹೊರಬರುವ ಹಾಸಿಗೆ ಬಟ್ಟೆಗಳು, ಅವನ್ನು ಇಬ್ಬಿಬ್ಬರು ಹಿಡಿದು ಮಡಚಬೇಕು, ಈ ತುದಿಗೆ ಒಬ್ಬಳು, ಆ ತುದಿಗೆ ಒಬ್ಬಳು, ಒಂದು ಸಲ ಒದರು, ಒಂದು ಸಲ ಜಗ್ಗು, ಆಮೇಲೆ ಒಬ್ಬಳು ನಿಲ್ಲಬೇಕು, ಒಬ್ಬಳು ನಡೆದು ಬಂದು ತನ್ನ ಎರಡು ಮೂಲೆಗಳನ್ನು ನಿಂತವಳ ಕೈಗೆ ಕೊಡಬೇಕು, ಇಬ್ಬರೂ ಒಟ್ಟಿಗೆ ನಡೆದರೆ ಬಟ್ಟೆಯ ಹೊಟ್ಟೆ ನೆಲಕ್ಕೆ ತಾಗುತ್ತದೆ, ಮತ್ತೆ ಒಗೆತಕ್ಕೆ ಹೋಗುತ್ತದೆ, ಹೊಸಬರೆಲ್ಲ ಮಾಡುವ ತಪ್ಪು ಅದು, ಈ ಹುಡುಗಿ ಚಿಕ್ಕವಳಿದ್ದಾಗ ಮನೆಯಲ್ಲಿ ನನ್ನ ಜೊತೆ ಹೊದಿಕೆ ಮಡಚಲು ಬಂದರೆ ಜಗ್ಗುವ ಮೊದಲೇ ಮೂಲೆ ಹಿಡಿದುಕೊಂಡು ನನ್ನ ಹೊಟ್ಟೆಗೆ ಬಂದು ಗುದ್ದುತ್ತಿದ್ದಳು, ಎಷ್ಟು ಬೈದರೂ ಅಷ್ಟೆ. ಆಸ್ಪತ್ರೆಯಿಂದ ಲಾಂಡ್ರಿಗೆ ವಾಪಸು ಹೋದ ದಿನ ನನ್ನ ಎದುರು ನಿಲ್ಲಲು ಯಾರೂ ಬರಲಿಲ್ಲ. ಬಟ್ಟೆಯ ಒಂದು ತುದಿ ಹಿಡಿದು ನಿಂತಿದ್ದೆ, ಇನ್ನೊಂದು ತುದಿ ಮೇಜಿನ ಮೇಲೆ ಬಿದ್ದಿತ್ತು, ಎಲ್ಲರಿಗೂ ಏನೋ ಕೆಲಸ, ಎಲ್ಲರ ಕಣ್ಣೂ ಬೇರೆ ಕಡೆ, ಮನೆಗೆ ಹೋಗಿಬಿಡೋಣ ಅನ್ನಿಸಿತು — ಆಗ ರೇಡಿಯೋ ಬಂದಳು. ನಾವು ಇಟ್ಟ ಹೆಸರು ಅದು, ಬಾಯಿಗೆ ಸ್ವಿಚ್ಚಿಲ್ಲದ ಹೆಂಗಸು, ಬಂದವಳೇ ಆ ತುದಿ ಎತ್ತಿಕೊಂಡು, ಏನೇ, ನೀನಿಲ್ಲದೆ ನನ್ನ ಮಡಿಕೆಯೆಲ್ಲ ಸೊಟ್ಟ, ಆ ದಪ್ಪನವಳ ಜೊತೆ ಹಾಕಿದ್ರು ನನ್ನನ್ನ, ಅವಳು ಜಗ್ಗಿದ್ರೆ ನಾನೇ ಹಾರಿಹೋಗ್ತೀನಿ, ಹಿಡಿ ಸರಿಯಾಗಿ, ಅಂದಳು, ಒದರಿದಳು, ಜಗ್ಗಿದಳು, ಮೂಲೆಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ನನ್ನ ಕಡೆ ನಡೆದು ಬಂದಳು, ಮುಖದ ಹತ್ತಿರ ಮುಖ ತಂದು, ಬೇರೆ ಯಾರೂ ಕೇಳದ ಮಾತನ್ನು ಕೇಳಿದಳು, ಅವಳು ಈಗೇನಂತಾಳೆ. ಯಾರು, ಅಂದೆ. ಅದೇ, ನಿನ್ನ ಪಕ್ಕದ್ಮನೆಯವಳು, ಅಂದಳು, ನಮ್ಮ ಬೀದಿಯ ಸುದ್ದಿ ಲಾಂಡ್ರಿಗೂ ಮುಟ್ಟಿತ್ತು. ಸುಳ್ಳು ಹೇಳಲು ಶಕ್ತಿಯಿರಲಿಲ್ಲ, ಮೂಲೆ ಸೇರಿಲ್ಲ ಅಂತಾಳೆ, ಅಂದೆ. ರೇಡಿಯೋ ಕೆಳಗೆ ನೋಡಿದಳು, ಕೈ ತಿರುಗಿಸಿ ನೋಡಿದಳು, ನಿಜ ಕಣೇ, ಸೇರಿಲ್ಲ, ಅಂದಳು, ಒಳ್ಳೇ ಕಣ್ಣಿದೆ ನಿನ್ನವಳಿಗೆ, ಸಂಬಳ ಕೊಡದೆ ಒಬ್ಬಳು ಮೇಲ್ವಿಚಾರಕಿ ಸಿಕ್ಕಳಲ್ಲ ನಮಗೆ. ನಕ್ಕೆ. ವಾರ್ಡಿಗೆ ಹೋದಾಗಿನಿಂದ ಮೊದಲ ಸಲ ನಕ್ಕೆ, ಆವಿಯಲ್ಲಿ ನಗುವೂ ಅಳುವೂ ಒಂದೇ ಥರ ಕಾಣುತ್ತದೆ, ಯಾರಿಗೂ ಗೊತ್ತಾಗಲಿಲ್ಲ. ಅವತ್ತಿನಿಂದ ಕೆಲಸ ಬಿಡುವವರೆಗೂ ಅವಳು ನಡೆಯುವವಳು, ನಾನು ನಿಲ್ಲುವವಳು, ದಿನಾ ಒಂದು ಸಲ ಕೇಳುತ್ತಿದ್ದಳು, ಮೇಡಮ್ ಏನಂದ್ರು ಇವತ್ತು, ನಾನು ಹೇಳುತ್ತಿದ್ದೆ, ಕೆಲವು ದಿನ ಮೇಡಮ್ ಕೆಟ್ಟದ್ದು ಹೇಳುತ್ತಿದ್ದರು, ಬಹಳ ಕೆಟ್ಟದ್ದು, ಅಂಥ ದಿನ ರೇಡಿಯೋ ಅರ್ಧ ರಜೆ ಹಾಕಿ ನನ್ನನ್ನು ಈ ಆಸ್ಪತ್ರೆಗೆ ಕರೆತರುತ್ತಿದ್ದಳು, ದಾರಿಯುದ್ದಕ್ಕೂ ತನ್ನ ನಾದಿನಿಯ ದೂರು, ಮೇಡಮ್ಮಿಗೆ ಬಾಯಿ ಹಾಕಲು ಜಾಗವೇ ಸಿಗುತ್ತಿರಲಿಲ್ಲ. ರಾತ್ರಿ ಶಾಲೆಗೆ ಸೇರಿಸಿದವಳೂ ಅವಳೇ, ನಾನು ಅಕ್ಷರ ತಿದ್ದಿದರೆ ಗೋಡೆಯಾಚೆಯವಳೂ ತಿದ್ದುತ್ತಿದ್ದಳು, ನಾನು ಓದುವ ಮೊದಲೇ ಓದಿ ತಪ್ಪು ಹೇಳಿಕೊಡುತ್ತಿದ್ದಳು, ಒಬ್ಬಳ ಬೆಂಚಿನಲ್ಲಿ ಇಬ್ಬರು, ಇಬ್ಬರೂ ಪಾಸಾದೆವು.

ಅಜ್ಜೀ, ಬನ್ನಿ, ಡಾಕ್ಟರಮ್ಮ ಕರೆಯುತ್ತಿದ್ದಾರೆ, ಎದ್ದೆ, ಮೊಣಕಾಲು ಲಟಕ್ಕೆಂದಿತು, ಎಷ್ಟು ಮುಖಗಳು, ಏನು ಹೇಳಲಿ ಅಂತ ಈಗ ಅನ್ನಿಸುತ್ತಿಲ್ಲ, ನನ್ನ ಕಣ್ಣು ಬಾಗಿಲ ಪಕ್ಕದ ಕುರ್ಚಿಯ ಮೇಲೇ ನೆಟ್ಟಿದೆ, ಹೇಳಿದೆ, ನನಗೆ ಹೋಗಿಲ್ಲ, ಅಂತ. ಈಗ್ಲೂ ಅವಳು ಮಾತಾಡ್ತಿದ್ದಾಳೆ, ಈ ಮೇಜಿನ ಬಟ್ಟೆ ಸೊಟ್ಟ ಇದೆ ಅಂತಿದ್ದಾಳೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು, ನಗಲಿ, ನಾನೂ ನಕ್ಕೆ, ಆದರೆ ಹುಡುಗಿ ಎದ್ದು ನಿಂತಳು, ಚೀಲ ಹೆಗಲಿಗೆ ಹಾಕಿಕೊಂಡಳು, ಬಾಗಿಲು ಅವಳ ಕೈಯಳತೆಯಲ್ಲಿದೆ, ನೋಡಿದೆಯಾ, ಹೊರಟಳು, ಅಂದಳು ಗೋಡೆಯಾಚೆಯವಳು, ಮಾತು ಸಾಕು, ಮಾತು ನನ್ನ ಕಸುಬಲ್ಲ, ನೀರಿನ ಜಗ್ಗನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆ, ಅವರು ಪಾಪ ಸುಮ್ಮನೆ ಹಿಡಿದುಕೊಂಡರು, ಬಟ್ಟೆಯನ್ನು ಮೇಜಿನಿಂದ ಎಳೆದು ಎರಡು ಮೂಲೆ ಹಿಡಿದೆ, ಇನ್ನೆರಡು ನೆಲದ ಕಡೆ ಜೋತುಬಿದ್ದವು, ಅವಳು ಹೋಗಿಲ್ಲ, ಆದ್ರೆ ನಾನು ಕೆಲಸ ಮಾಡ್ದೆ, ಮಗಳನ್ನ ಬೆಳೆಸ್ದೆ, ಓದು ಕಲ್ತೆ, ನಗ್ತೀನಿ, ಒಬ್ಬಳೇ ಆಗಿದ್ರೆ ಆಗ್ತಿರಲಿಲ್ಲ, ಇದನ್ನ ಒಬ್ಬರೇ ಮಡಚೋಕೆ ಆಗಲ್ಲ, ಅಷ್ಟೇ ನನ್ನ ಕಥೆ, ಆ ತುದಿ ಯಾರಾದ್ರೂ ಹಿಡೀರಿ. ಯಾರೂ ಏಳಲಿಲ್ಲ. ನೆಲಮಾಳಿಗೆಯ ಆ ದಿನದ ಹಾಗೇ, ಒಂದು ತುದಿ ಹಿಡಿದು ನಿಂತಿದ್ದೇನೆ, ನಿಲ್ಲುವುದು ನನಗೆ ಬರುತ್ತದೆ, ನಿಂತಿರುತ್ತೇನೆ — ಚಪ್ಪಲಿಯ ಸದ್ದು. ಕುರ್ಚಿಗಳ ನಡುವಿನಿಂದ ಚಪ್ಪಲಿಯ ಸದ್ದು, ಆಚೆಗೆ ಹೋಗುವ ಸದ್ದಲ್ಲ, ಹುಡುಗಿ ಬಗ್ಗಿದಳು, ಜೋತುಬಿದ್ದ ಮೂಲೆಗಳನ್ನು ಎತ್ತಿಕೊಂಡಳು, ಹಿಂದಕ್ಕೆ ಹೋಗಿ ನಿಂತಳು, ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ, ಈಗೇನಂತಾಳೆ ಅಜ್ಜಿ, ಅಂದಳು. ಆ ಪ್ರಶ್ನೆಯನ್ನು ಇವಳಿಗೆ ಯಾರು ಕಲಿಸಿದರು, ಯಾರೂ ಕಲಿಸಿಲ್ಲ. ನೀನು ಹೊರಟೆ ಅಂತ ಅಂದಿದ್ಲು, ಅಂದೆ. ತಪ್ಪು ಹೇಳ್ತಾಳೆ ಒಂದೊಂದ್ಸಲ, ಅಂದಳು ಹುಡುಗಿ, ಹೂಂ, ಬಹಳ ಸಲ, ಅಂದೆ, ಒದರು, ಈಗ ಜಗ್ಗು, ಜಗ್ಗಲಿಲ್ಲ ಹುಡುಗಿ, ಚಿಕ್ಕಂದಿನ ಅದೇ ತಪ್ಪು, ಜಗ್ಗುವ ಮೊದಲೇ ನಡೆದುಬಿಟ್ಟಳು, ನಿಲ್ಲಬೇಕಾದವಳು ನಾನು, ಇಷ್ಟು ವರ್ಷ ನಿಂತವಳು, ನನ್ನ ಕಾಲೂ ನಡೆಯುತ್ತಿದೆ, ನಡುವೆ ಬಟ್ಟೆಯ ಹೊಟ್ಟೆ ನೆಲಕ್ಕೆ ತಾಗುತ್ತಿದೆ, ತಾಗಲಿ, ಒಗೆದರಾಯಿತು, ಗೋಡೆಯಾಚೆಯವಳು ಏನೋ ಅಂದಳು, ಕೇಳಿಸಲಿಲ್ಲ, ಎರಡು ಹೆಬ್ಬೆರಳು, ಎರಡು ಮೂಲೆ, ನನ್ನ ಕಡೆಗೆ ಬರುತ್ತಿವೆ, ಎರಡು ಮೂಲೆ.