ಹಿಮ್ಮಡಿಯಿಲ್ಲದ ಬೂಟು

"ಬೂಟು ಯಾಕ ಕೈಯಾಗ ಹಿಡ್ಕೊಂಡೀರಿ, ಸರ?"

ಗೌಡರ ಮನೆಯ ಕಟ್ಟೆಯ ಮೇಲಿಂದ ವಿರೂಪಣ್ಣ ಕೇಳಿದ್ದು ಸಹಜವಾಗಿಯೇ. ಗೌತಮ ತನ್ನ ಕೈ ನೋಡಿಕೊಂಡ. ಎಡಗೈಯಲ್ಲಿ ಹೊಸ ಮನೆಯ ಗೃಹಪ್ರವೇಶದ ಪತ್ರಿಕೆ. ಬಲಗೈಯಲ್ಲಿ ಎರಡೂ ಬೂಟು. ಅಂಗಾಲು ಸುಡುತ್ತಿತ್ತು. ಯಾವಾಗ ಬಿಚ್ಚಿದೆ? ನೆನಪೇ ಇಲ್ಲ.

ಬಿಚ್ಚುವುದಕ್ಕೆ ಅದರಲ್ಲಿ ಏನಿದೆ? ಲೇಸಿಲ್ಲ, ಬಕಲ್ಲಿಲ್ಲ. ಮುಂದಿನಿಂದ ನೋಡಿದರೆ ಬೆಟ್ಟ ಹತ್ತುವವರ ಬೂಟು, ಹಿಂದಿನಿಂದ ನೋಡಿದರೆ ಬಚ್ಚಲಿಗೆ ಹೋಗುವ ಚಪ್ಪಲಿ. ರಾಯಚೂರಿನ ಅಂಗಡಿಯ ಕುತುಬುದ್ದೀನ್, "ಇದಕ್ಕ ಮ್ಯೂಲ್ ಅಂತಾರ್ರಿ ಲೆಕ್ಚರರ್ ಸಾಬ್. ಬಗ್ಗೋ ಮಾತೇ ಇಲ್ಲ. ಕಾಲು ತೂರಿಸಿದ್ರಿ, ಹೊಂಟ್ರಿ," ಎಂದಿದ್ದ.

ಬಗ್ಗುವ ಮಾತೇ ಇಲ್ಲ ಎಂಬುದಕ್ಕೇ ಗೌತಮ ಮರುಳಾಗಿದ್ದ. ಅವನು ಜನ್ಮದಲ್ಲಿ ಬೆಟ್ಟ ಹತ್ತಿದವನಲ್ಲ. ಆದರೂ ಅದನ್ನು ಮೆಟ್ಟಿ ಸ್ಟಾಫ್ ರೂಮಿಗೆ ಹೋದರೆ ನಡಿಗೆಯ ಗತ್ತೇ ಬೇರೆಯಾಗುತ್ತಿತ್ತು. ಹೆಂಡತಿ ಉಮಾದೇವಿ ಮಾತ್ರ ನಕ್ಕಿದ್ದಳು. "ಹಿಂದ ಹಿಡಿಯೋದೇನೂ ಇಲ್ಲಲ್ರಿ ಇದಕ್ಕ!" ಇವತ್ತು ಬೆಳಿಗ್ಗೆ ದೇವದುರ್ಗದ ಬಸ್ಸಿಗೆ ಓಡುವಾಗ ಒಂದು ಕಾಲಿನದು ನಡುರಸ್ತೆಯಲ್ಲೇ ಉಳಿದು, ಜನರೆದುರು ಕುಂಟುತ್ತ ಹೋಗಿ ತಂದಿದ್ದ.

ದೇವದುರ್ಗದಲ್ಲಿ ಆಟೋ ಹಿಡಿದು ಊರು ಮುಟ್ಟಿದರೆ ಅಪ್ಪ ಸೂಗಪ್ಪನದು ಒಂದೇ ಹಟ.

"ಮೊದಲ್ನೇ ಪತ್ರಿಕಿ ಗೌಡ್ರ ವಿರೂಪಣ್ಣಗ ಕೊಡು."

"ಕೊಡ್ತೀನಿ ಯಪ್ಪಾ. ಆದ್ರ ಆ ಓಣ್ಯಾಗ ನಾ ಬೂಟು ಬಿಚ್ಚಂಗಿಲ್ಲ."

"ಈಗ ಯಾರು ಬಿಚ್ಚು ಅಂತಾರಲೇ?"

ನಿಜ. ಯಾರೂ ಅನ್ನುವುದಿಲ್ಲ. ಕೇರಿಯ ಹುಡುಗರು ಗೌಡರ ಓಣಿಯಲ್ಲಿ ಬೈಕನ್ನೇ ಹಾರಿಸಿಕೊಂಡು ಹೋಗುತ್ತಾರೆ. ಆದರೆ ಸೂಗಪ್ಪ ಒಂದು ಕಾಲಕ್ಕೆ ಆ ಓಣಿಯ ತಿರುವಿನಲ್ಲಿ ಮೆಟ್ಟು ಕಳಚಿ, ಕೈಯಲ್ಲಿ ಹಿಡಿದು ನಡೆದವನು. ಹತ್ತು ವರ್ಷದವನಾಗುವವರೆಗೆ ಗೌತಮನೂ ಅವನ ಹಿಂದೆ ಹಾಗೇ ನಡೆದಿದ್ದ. ಆಮೇಲೆ ಹಾಸ್ಟೆಲ್ಲು, ಓದು, ನೌಕರಿ. ಮೂವತ್ತು ವರ್ಷ ಆ ಓಣಿಗೆ ಕಾಲಿಟ್ಟಿರಲಿಲ್ಲ. ಇವತ್ತು ಮೆಟ್ಟಿಕೊಂಡೇ ಅದನ್ನು ದಾಟಬೇಕು. ಮನೆ ಕಟ್ಟಿಸಿದ್ದಕ್ಕಿಂತ ಅದೇ ಅವನಿಗೆ ದೊಡ್ಡದಾಗಿತ್ತು.

ಈಗ ವಿರೂಪಣ್ಣ ಉತ್ತರಕ್ಕೆ ಕಾಯುತ್ತಿದ್ದ.

"ಹಳ್ಳುಕಲ್ಲು ಹೊಕ್ಕಿತ್ತು," ಎಂದ ಗೌತಮ.

"ಎರಡರಾಗೂ?"

"ಹಿಂದ ತೆರೆದಿರ್ತದಲ್ರಿ."

ವಿರೂಪಣ್ಣ ನಗಲಿಲ್ಲ. ನಕ್ಕಿದ್ದರೆ, ಒಂದು ಕೊಂಕು ಆಡಿದ್ದರೆ, ಸಿಟ್ಟಾದರೂ ಬರುತ್ತಿತ್ತು. ಅವನು ತಾನೇ ಕುರ್ಚಿ ಎಳೆದು ಹಾಕಿದ. "ಬರ್ರಿ ಸರ, ಕೂಡ್ರಿ. ಬಿಸಲಾಗ ಮಣ್ಣು ಕಾದದ, ಮೆಟ್ಕೊಂಡೇ ಬರಬಾರದೇನ್ರಿ?" ಚಹಾ ಬಂತು, ಮನೆಯವರು ಕುಡಿಯುವ ಪಿಂಗಾಣಿ ಕಪ್ಪಿನಲ್ಲೇ ಬಂತು. ಗೌತಮನಿಗೆ ಅದರ ರುಚಿ ಹತ್ತಲಿಲ್ಲ.

"ಅಪ್ಪಾರು ಆರಾಮದಾರಲ್ರಿ?"

"ಹ್ಞೂಂ."

"ಬರ್ತೀವಿ ಬಿಡ್ರಿ, ಎಲ್ಲಾರೂ ಬರ್ತೀವಿ," ಎಂದು ವಿರೂಪಣ್ಣ ಪತ್ರಿಕೆ ಇಸಿದುಕೊಂಡ.

ಗೌತಮ ಎದ್ದು ಮೆಟ್ಟಿಲಿಳಿದು ಬೂಟಿನಲ್ಲಿ ಕಾಲು ತೂರಿಸಿದ. ಬಗ್ಗಬೇಕಾಗಲಿಲ್ಲ.

ಓಣಿಯಲ್ಲಿ ನಳದ ಪೈಪಿಗೆಂದು ಅಗೆದು ಮುಚ್ಚಿದ ಮಣ್ಣು ಹಿಟ್ಟಿನಂತೆ ಹರಡಿತ್ತು. ತಿರುವಿಗೆ ಬಂದವನು ಹಾಗೇ ನಿಂತ. ಕೇರಿಯ ಕಡೆಯಿಂದ ತನ್ನದೇ ಬೂಟಿನ ಗುರುತು ಹಲ್ಲುಹಲ್ಲಾಗಿ, ದಾರಿಯ ನಟ್ಟನಡುವೆ ಬಂದು, ಅಲ್ಲಿ ಜೋಡಿಯಾಗಿ ಮುಗಿದಿತ್ತು. ಅಲ್ಲಿಂದಾಚೆ ಬರಿಗಾಲು, ಐದೂ ಬೆರಳು ಸ್ಪಷ್ಟ. ಎಲ್ಲೂ ತಡವರಿಸಿದ ಗುರುತಿಲ್ಲ. ಆ ಹೆಜ್ಜೆಗಳು ನಡುದಾರಿ ಬಿಟ್ಟು, ಗೋಡೆಗೆ ಒತ್ತಿಕೊಂಡು, ಸಣ್ಣ ಸಣ್ಣದಾಗಿ, ಗೌಡರ ಮನೆಯವರೆಗೂ ಹೋಗಿದ್ದವು.