ಕೊನೆಯ ಫಾರಂ

ಬುಕ್ ಬೈಂಡರನ ದೊಡ್ಡ ಮಗಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗುತ್ತಿತ್ತು, ಮಾತು ತೊದಲುತ್ತಿತ್ತು, ಕೊನೆಗೆ ಯಾರೂ ಕೇಳದ ತಪ್ಪನ್ನೂ ಒಪ್ಪಿಕೊಂಡುಬಿಡುತ್ತಿದ್ದಳು. ಹಾಗಾಗಿ ತಂಗಿಯ ವಿಷಯದಲ್ಲಿ ಅವಳು ಬಾಯಿಯನ್ನು ನಂಬಲಿಲ್ಲ. ಕೈಯಲ್ಲೇ ಸುಳ್ಳು ಹೇಳಿದಳು.

ತಂಗಿಗೆ ಹದಿನೈದು ವರ್ಷ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದೇ ಲಾಯರ್ ಎಂದು. ಹಲ್ಲುಜ್ಜು ಅಂದರೆ ಯಾಕೆ ಅನ್ನುವವಳು, ಎದುರಿನವರು ಸುಸ್ತಾಗುವ ತನಕ ಬಿಡದವಳು. ಒಮ್ಮೆ ವಾಸಿಯಾಗಿದ್ದ ರಕ್ತದ ಕ್ಯಾನ್ಸರ್ ಮತ್ತೆ ಬಂದಿತ್ತು. ಇನ್ನು ಚಿಕಿತ್ಸೆ ಮಾಡಿದರೆ ಸಂಕಟವೇ ಹೊರತು ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಮಾತ್ರೆ ಕೊಡಿ ಎಂದು ಡಾಕ್ಟರು ಅಪ್ಪ, ಅಮ್ಮ, ಅಕ್ಕ ಮೂವರನ್ನಷ್ಟೇ ಕೂರಿಸಿಕೊಂಡು ಹೇಳಿದರು. ಆಸ್ಪತ್ರೆಯ ಮೆಟ್ಟಿಲ ಮೇಲೇ ಅಮ್ಮ ತೀರ್ಮಾನ ಮಾಡಿದಳು.

"ಅವಳಿಗೆ ಗೊತ್ತಾಗ್ಬಾರ್ದು. ಹೊಸ ಕ್ಲಾಸು ಶುರುವಾಗೋ ಹೊತ್ತಿಗೆ ಸ್ಕೂಲಿಗೆ ಹೋಗ್ತೀಯ ಅಂತ ಹೇಳೋಣ."

ಅಪ್ಪ ತಲೆಯಾಡಿಸಿದ. ಅಕ್ಕ ಏನೂ ಹೇಳಲಿಲ್ಲ, ಅದನ್ನು ಒಪ್ಪಿಗೆ ಎಂದೇ ಇಬ್ಬರೂ ತಿಳಿದರು.

ಮನೆಯ ಮುಂಭಾಗವೇ ಅಂಗಡಿ. ಕಟಿಂಗ್ ಮಷೀನು, ತಿರುಪಿನ ಪ್ರೆಸ್ಸು, ಅಂಟಿನ ಡಬ್ಬ, ಗೋಡೆಗೆ ಒರಗಿಸಿಟ್ಟ ರಟ್ಟುಗಳು. ಅಮ್ಮ ಬಟ್ಟೆ ಫ್ಯಾಕ್ಟರಿಗೆ ಹೋದ ಮೇಲೆ ಲಾಯರ್ ಒಬ್ಬಳೇ ಒಳಗಿರುವುದು ಬೇಡವೆಂದು ಅವಳ ಮಂಚವನ್ನು ಅಂಗಡಿಗೇ ತಂದು ಹಾಕಿದ್ದರು. ಬಂದ ಗಿರಾಕಿಗಳೆಲ್ಲ ಮೊದಲು ಮಂಚಕ್ಕೆ ಮುಗುಳ್ನಕ್ಕು, ಆಮೇಲೆ ಅಪ್ಪನ ಹತ್ತಿರ ಕೆಲಸ ಹೇಳುತ್ತಿದ್ದರು.

ಅಂಗಡಿಯ ದೊಡ್ಡ ಗಿರಾಕಿ ಹುಡುಗಿಯರ ಹಾಸ್ಟೆಲಿನ ಲೈಬ್ರರಿ. ಅಲ್ಲಿಂದ ತಿಂಗಳಿಗೊಮ್ಮೆ ಹರಿದ ಪುಸ್ತಕಗಳ ಚೀಲ ಬರುತ್ತಿತ್ತು. ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಜಾತಿಯ ಕಾದಂಬರಿಗಳು: ಹದಿನಾರು ಹದಿನೇಳರ ಹುಡುಗನಿಗೋ ಹುಡುಗಿಗೋ ವಾಸಿಯಾಗದ ಕಾಯಿಲೆ, ಆಸ್ಪತ್ರೆಯ ವಾರ್ಡಿನಲ್ಲಿ ಪ್ರೀತಿ, ಕೊನೆಗೆ ಸಾವು.

"ಅಳಿಸೋ ಪುಸ್ತಕಾನೇ ಮೊದಲು ಹರಿಯೋದು," ಎಂದು ಲೈಬ್ರರಿ ಮೇಡಂ ಹೇಳುತ್ತಿದ್ದರು. "ಕಣ್ಣೀರಿಂದ ಅಂದ್ಕೋಬೇಡಿ. ಓದಿ ಅತ್ತು, ಅದನ್ನೇ ದಿಂಬಿನ ಕೆಳಗೆ ಇಟ್ಕೊಂಡು ಹೊರಳಾಡ್ತಾರೆ. ಬೆನ್ನು ಮುರಿಯದೆ ಇರತ್ತಾ?"

ಅಕ್ಕ ಹಳೆಯ ದಾರ ಕತ್ತರಿಸಿ ಪುಸ್ತಕವನ್ನು ಫಾರಂ ಫಾರಂ ಆಗಿ ಬಿಡಿಸುವಳು. ಒಂದು ಫಾರಂ ಅಂದರೆ ಒಟ್ಟಿಗೆ ಮಡಚಿದ ಹದಿನಾರು ಪುಟ. ಲಾಯರ್ ಒಂದೊಂದನ್ನೇ ತೆಗೆದುಕೊಂಡು ಪುಟಸಂಖ್ಯೆ ಸರಿಯಾಗಿದೆಯೇ ನೋಡಿ ಜೋಡಿಸುವಳು. ಒಂಬತ್ತನೇ ವಯಸ್ಸಿನಿಂದ ಅದು ಅವಳದೇ ಕೆಲಸ. ಅವಳ ಕಣ್ಣು ತಪ್ಪಿಸಿ ಒಂದು ಹಾಳೆಯೂ ಹೊಲಿಗೆಗೆ ಹೋಗುತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ಓದಿಯೂ ಬಿಡುತ್ತಿದ್ದಳು. ಬೇರೆ ಪುಸ್ತಕ ಕೊಟ್ಟರೆ ಬೇಡ.

"ಆ ಕಾಯಿಲೆದು ಕೊಡೇ. ಅದು ನನ್ನ ಸಬ್ಜೆಕ್ಟು."

ಆಸ್ಪತ್ರೆಯಿಂದ ಬಂದ ಮೊದಲ ವಾರ ಅಕ್ಕ ಅಂಥದ್ದೊಂದರ ಕೊನೆಯ ಫಾರಮನ್ನು ತಾನೇ ಮೊದಲು ಓದಿದಳು. ನೂರ ಎಂಬತ್ನಾಲ್ಕನೇ ಪುಟದಲ್ಲಿ ಹುಡುಗಿ ಸತ್ತಳು. ಸಾಯುವ ಮುಂಚಿನ ಎರಡು ಪುಟ ಅವಳ ಉಸಿರಾಟದ ವರ್ಣನೆ. ಅಕ್ಕ ಆ ಫಾರಮನ್ನು ಮಡಚಿ, ರಟ್ಟಿಗೆ ಅಂಟಿಸುವ ಕ್ಯಾಲಿಕೋ ಬಟ್ಟೆಯ ಸುರುಳಿಯ ಹಿಂದೆ ತುರುಕಿದಳು.

ಲಾಯರ್ ಹನ್ನೊಂದು ಫಾರಂ ಎಣಿಸಿದಳು. "ಹನ್ನೆರಡನೇದು ಎಲ್ಲೇ?"

"ಬರ್ಲಿಲ್ಲ," ಎಂದಳು ಅಕ್ಕ, ಕೆಂಪಾದ ಕಿವಿ ಕಾಣದಂತೆ ಅಂಟಿನ ಡಬ್ಬದೊಳಗೆ ಬಗ್ಗಿ. "ಹಾಸ್ಟೆಲಲ್ಲೇ ಕಳ್ಕೊಂಡಿದಾರೆ."

"ಥೂ, ದನಕಾಯೋಕೆ ಲಾಯಕ್ಕು ಅವ್ರು." ಲಾಯರ್ ಹನ್ನೊಂದು ಫಾರಂಗಳನ್ನೂ ತಟ್ಟಿ ಸಮ ಮಾಡಿದಳು. "ಸರಿ, ಹಾಗಾದ್ರೆ ಇವಳು ಬದುಕಿದಳು ಬಿಡು. ಬ್ಯಾಂಕಲ್ಲಿ ಕೆಲ್ಸ ಸಿಕ್ಕಿ ದಪ್ಪ ಆದ್ಲು."

ಅಂದಿನಿಂದ ಅದೇ ಪದ್ಧತಿಯಾಯಿತು. ಸಾವಿನ ಕಾದಂಬರಿ ಬಿಚ್ಚಿದ ಕೂಡಲೇ ಕೊನೆಯ ಫಾರಂ ಬಟ್ಟೆಯ ಹಿಂದಕ್ಕೆ. ಮಧ್ಯಾಹ್ನ ಮಾತ್ರೆ ನುಂಗಿ ತಂಗಿ ನಿದ್ದೆ ಹೋದಾಗ ಅಕ್ಕ ಅದನ್ನು ತೆಗೆದು ಸರಸರ ಹೊಲಿದು ಪ್ರೆಸ್ಸಿಗೆ ಹಾಕುವಳು. ಲಾಯರಿನ ಕೈಯಲ್ಲಿ ರೋಗಿಗಳೆಲ್ಲ ಬದುಕಿದರು. ಒಬ್ಬ ಹಡಗಿನ ಕ್ಯಾಪ್ಟನ್ ಆದ, ಇನ್ನೊಬ್ಬಳಿಗೆ ಅವಳಿ ಮಕ್ಕಳಾದವು. ಅಪ್ಪನಿಗೆ ಎಲ್ಲ ಕಾಣುತ್ತಿತ್ತು. ಅವನು ರಟ್ಟು ಕೊಯ್ಯುತ್ತಾ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ.

ಲಾಯರ್ ಜಗಳವಾಡಿ ಮಾತು ಬಿಟ್ಟ ಗೆಳತಿಯೊಬ್ಬಳಿದ್ದಳು. ಒಂದೇ ಬೆಂಚಿನವಳು. ಅವಳಪ್ಪನಿಗೆ ವರ್ಗವಾಗಿದೆ, ಮನೆ ಖಾಲಿ ಮಾಡುತ್ತಿದ್ದಾರೆ ಎಂದು ಸುದ್ದಿ ಬಂದಾಗ ಅಕ್ಕ ಕೇಳಿದಳು, "ಒಂದ್ಸಲ ಮಾತಾಡ್ತೀಯೇನೇ? ನಂಬರ್ ಹಚ್ಚಿ ಕೊಡ್ಲಾ?"

"ನಾನ್ಯಾಕೆ ಮೊದಲು ಮಾತಾಡ್ಲಿ? ತಪ್ಪು ಅವಳದು. ಸ್ಕೂಲು ಶುರುವಾದ್ಮೇಲೆ ನೋಡ್ಕೊಳ್ತೀನಿ."

ಅಕ್ಕ ಫೋನನ್ನು ಕೆಳಗಿಟ್ಟಳು. ಗೆಳತಿಯ ಮನೆಯವರು ಊರು ಬಿಟ್ಟು ಹೋದರು.

ನಾಲ್ಕನೇ ಚೀಲದಲ್ಲಿ ಒಂದೇ ಪ್ರಕಾಶಕರ ಎರಡು ಕಾದಂಬರಿಗಳಿದ್ದವು. ಅದೇ ಅಳತೆ, ಅದೇ ಅಕ್ಷರ, ಎರಡಕ್ಕೂ ನೂರ ತೊಂಬತ್ತೆರಡೇ ಪುಟ. ಎರಡರ ಕೊನೆಯ ಫಾರಮೂ ಬಟ್ಟೆಯ ಹಿಂದೆ ಒಟ್ಟಿಗೇ ಕೂತಿದ್ದವು. ಆ ದಿನ ತಂಗಿ ನಿದ್ದೆಯಲ್ಲಿ ನರಳುತ್ತಿದ್ದಳು. ಅಕ್ಕನ ಕಣ್ಣು ಮಂಚದ ಮೇಲಿತ್ತು, ಕೈ ಹೊಲಿಗೆಯ ಮೇಲಿತ್ತು. ನೂರ ಎಪ್ಪತ್ತಾರಾದ ಮೇಲೆ ನೂರ ಎಪ್ಪತ್ತೇಳು ಬಂದಿದೆಯೇ ನೋಡಿದಳು. ಬಂದಿತ್ತು. ಹೊಲಿದಳು.

ಎರಡು ವಾರದ ಮೇಲೆ ಲೈಬ್ರರಿ ಮೇಡಂ ಎರಡೂ ಪುಸ್ತಕ ಹಿಡಿದುಕೊಂಡು ಬಂದರು. ಸಿಟ್ಟು ಮಾಡಬೇಕೆಂದೇ ಬಂದಿದ್ದರು. ಬಾಗಿಲಲ್ಲೇ ನಗು ಬಂದುಬಿಟ್ಟಿತು.

"ಏನ್ರೀ ಬೈಂಡರ್ ಸಾಹೇಬ್ರೇ, ಇದ್ರಲ್ಲಿ ಸಾಯ್ಬೇಕಾಗಿದ್ದವಳು ಕಣ್ಣಿಲ್ಲದ ಈಜುಗಾರ್ತಿ. ನಿಮ್ಮ ಅಂಗಡಿಗೆ ಬಂದು ಹೋದ್ಮೇಲೆ ಯಾವನೋ ಫುಟ್ಬಾಲ್ ಆಡೋ ಹುಡುಗ ಸಾಯ್ತಿದಾನೆ! ಅದ್ರಲ್ಲಿ ಇವಳು! ಮೂರು ಹುಡುಗೀರು ಓದಿ, ಗೋಳೋ ಅಂತ ಅತ್ತು, ವಾಪಸ್ ಕೊಟ್ಟಿದಾರೆ. ಒಬ್ಬಳಿಗೂ ಗೊತ್ತಾಗಿಲ್ಲ. ನಾಲ್ಕನೇಯವಳು ಬಂದು ಕೇಳ್ತಾಳೆ, ಮೇಡಂ, ಇವನ್ಯಾರು ಅಂತ."

ಅಪ್ಪ ನಗಲು ನೋಡಿದ, ಆಗಲಿಲ್ಲ. ಅಕ್ಕನ ಕಿವಿ ಕೆಂಪಾಯಿತು.

ಮಂಚದ ಮೇಲಿಂದ ಲಾಯರ್ ಕೇಳಿದಳು, "ಮೇಡಂ, ಅದಕ್ಕೆ ಕೊನೇ ಫಾರಂ ಇತ್ತಾ?"

"ಇರದೆ ಏನಮ್ಮಾ? ಎಲ್ಲದಕ್ಕೂ ಇತ್ತು. ನಾನೇ ನೋಡಿ ಕಳಿಸೋದು."

ಮೇಡಂ ಹೋದ ಮೇಲೆ ಲಾಯರ್ ಕೈ ಚಾಚಿದಳು. "ಎರಡನ್ನೂ ಕೊಡು."

ಅಕ್ಕ ಕೊಟ್ಟಳು. ಲಾಯರ್ ಹೊಟ್ಟೆಯ ಮೇಲೆ ಇಟ್ಟುಕೊಂಡು ಒಂದಾದ ಮೇಲೊಂದು ಎರಡು ಸಾವುಗಳನ್ನೂ ಓದಿದಳು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಪ್ಪ ಕೊಯ್ದ ರಟ್ಟನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದ.

"ನಾನೂ ಸಾಯ್ತೀನಾ?"

ಅಕ್ಕ ಉತ್ತರ ಹುಡುಕಿದಳು. ಸಿಕ್ಕಿದ್ದು ಒಂದೇ. "ಹೂಂ."

"ಯಾವಾಗ ಹೇಳಿದ್ರು?"

"ಕೊನೇ ಸಲ ಆಸ್ಪತ್ರೆಗೆ ಹೋದಾಗ."

"ಕೊನೇ ಪುಟ ಕಳ್ದೋಗಿದೆ ಅಂದಾಗೆಲ್ಲ ನಂಗೆ ಖುಷಿಯಾಗ್ತಿತ್ತು ಕಣೇ. ಓದೋದು ತಪ್ಪಿತು ಅಂತ," ಎಂದಳು ಲಾಯರ್. ಆಮೇಲೆ ದನಿ ಏರಿತು. "ಅವಳು ಊರು ಬಿಡ್ತಾಳೆ ಅಂತ ನೀನೇ ಬಂದು ಹೇಳಿದೆ! ಸ್ಕೂಲು ಶುರುವಾದ್ಮೇಲೆ ನೋಡ್ಕೊಳ್ತೀನಿ ಅಂದೆ, ನೀನು ಕೇಳಿಸ್ಕೊಂಡು ಸುಮ್ನೆ ನಿಂತಿದ್ದೆ. ಯಾವ ಸ್ಕೂಲೇ?"

ಗೋಡೆಯ ಕಡೆ ಮಗ್ಗುಲಾದಳು. ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಆ ಸಂಜೆಯೇ ಮನೆ ಸೇರಿದ ಅಮ್ಮ ವಿಷಯ ಕೇಳಿ ದೊಡ್ಡವಳಿಗೆ ಬಾಯಿಗೆ ಬಂದಂತೆ ಬೈದಳು. ಬೈದು ಸುಸ್ತಾಗಿ ಮಂಚದ ಕಾಲ ಬಳಿ ಕೂತಳು, ಅಲ್ಲೇ ನಿದ್ದೆ ಹೋದಳು.

ಮೂರನೇ ದಿನ ಬೆಳಿಗ್ಗೆ ಲಾಯರ್ ಅಕ್ಕನನ್ನು ಕರೆದಳು. "ಬಾ ಇಲ್ಲಿ. ಎರಡನ್ನೂ ಬಿಚ್ಚು. ತಪ್ಪು ಹೊಲಿಗೆ ನೋಡ್ಕೊಂಡು ಸುಮ್ನಿರೋಕಾಗಲ್ಲ ನಂಗೆ."

ಅಕ್ಕ ದಾರ ಕತ್ತರಿಸಿದಳು. ಲಾಯರ್ ಫಾರಂ ಅದಲು ಬದಲು ಮಾಡಿ, ಹೆಸರು ನೋಡಿ, ಸಾಲು ಕೂಡಿಸಿ ನೋಡಿ ಕೊಟ್ಟಳು.

"ಈ ಫುಟ್ಬಾಲಿನವನು ನೋಡು. ಉಸಿರೇ ಇಲ್ಲ ಅಂತ ಮೇಲೆ ಬರ್ದಿದಾರೆ, ಕೆಳಗೆ ಒಂದೂವರೆ ಪುಟ ಭಾಷಣ ಹೊಡೀತಾನೆ. ನಂಗೆ ಬಚ್ಚಲಿಗೆ ಹೋಗಿ ಬಂದ್ರೇ ಮಾತು ಬರಲ್ಲ."

"ನೀನು ಎಲ್ಲಿ ಸುಮ್ನಿರ್ತೀಯೇ? ಎರಡು ಪುಟ ಹೊಡೀತೀಯ."

"ಅದಕ್ಕೇ ಈಗ್ಲೇ ಶುರು ಮಾಡ್ತೀನಿ. ಆಮೇಲೆ ಟೈಮಾಗಲ್ಲ."

ನಿಜಕ್ಕೂ ಶುರುಮಾಡಿದಳು. ನೋವು ಜಾಸ್ತಿಯಾದರೆ ಏನು ಮಾಡ್ತೀರಿ ಎಂದು ಕೇಳಿದಳು. ಮಾತ್ರೆ ಸಾಲದಿದ್ದರೆ ಇಂಜೆಕ್ಷನ್ ಇದೆ, ನರ್ಸು ಮನೆಗೇ ಬರುತ್ತಾರೆ ಎಂದು ಅಪ್ಪ ಹೇಳಿದ. ಗೋಡೆಯ ಕಡೆ ತಿರುಗದೆ ಹೇಳಿದ. ಹಾಗಾದರೆ ಸರಿ ಎಂದಳು. ತನ್ನ ಹೊಸ ಚಪ್ಪಲಿ ಅಕ್ಕನಿಗೆ ಎಂದಳು. ಅಕ್ಕನ ಕಾಲಿಗೆ ಹಿಡಿಸುವುದಿಲ್ಲ ಎಂದಾಗ, ನೋಡಿ ಹೊಟ್ಟೆ ಉರ್ಕೊಳ್ಳೋಕಾದ್ರೂ ಇಟ್ಕೋ ಎಂದಳು. ಅಮ್ಮ ಫ್ಯಾಕ್ಟರಿಗೆ ರಜೆ ಹಾಕಿದಳು. ಅಮ್ಮನಿಗೆ ಎಷ್ಟು ಹೆದರಿಕೆಯಾಗಿತ್ತೆಂಬುದನ್ನು ಲಾಯರೇ ಕೇಳಿ ಕೇಳಿ ಬಾಯಿ ಬಿಡಿಸಿದಳು.

ಗೆಳತಿಯ ಹೊಸ ನಂಬರನ್ನು ಅಕ್ಕ ಸ್ಕೂಲಿನ ಆಫೀಸಿನಿಂದ ತಂದಳು. ಬರಬೇಕೆಂದರೆ ಎರಡು ದಿನದ ದಾರಿ, ಅವಳಿಗೆ ಪರೀಕ್ಷೆ. ಫೋನಿನಲ್ಲೇ ಮಾತಾಯಿತು. ಮೊದಲ ಸಲ ಇಬ್ಬರೂ ಅತ್ತರು. ಎರಡನೇ ಸಲ ಅದೇ ಹಳೇ ಜಗಳವನ್ನು ಮೊದಲಿಂದ ಆಡಿದರು, ಲಾಯರ್ ಗೆದ್ದಳು. ಮೂರನೇ ಸಲ ಲಾಯರಿಗೆ ಮಾತಾಡಲು ಆಗಲಿಲ್ಲ. ಅಕ್ಕ ಫೋನನ್ನು ಅವಳ ಕಿವಿಗೆ ಹಿಡಿದಿದ್ದಳು. ಆ ಕಡೆಯವಳು ಕ್ಲಾಸಿನ ಮಾತೆಲ್ಲ ಹೇಳಿ ಮುಗಿಸುವ ತನಕ ಕೈ ಬದಲಾಯಿಸಲಿಲ್ಲ.

ಲಾಯರ್ ಒಂದು ಬೆಳಿಗ್ಗೆ, ಅಪ್ಪ ಶಟರು ಎತ್ತುವ ಹೊತ್ತಿನಲ್ಲಿ ತೀರಿಕೊಂಡಳು. ಭಾಷಣ ಏನೂ ಮಾಡಲಿಲ್ಲ.

ವಾರ ಕಳೆದ ಮೇಲೆ ಮಂಚವನ್ನು ಒಳಗೆ ಸಾಗಿಸಿದರು. ಕೆಳಗಿನ ಧೂಳು ಗುಡಿಸುತ್ತಾ ಅಕ್ಕ ಬೆರಳು ಮಡಚಿ ಎಣಿಸಿದಳು. ಡಾಕ್ಟರು ಹೇಳಿದ ದಿನದಿಂದ ಹಿಡಿದರೆ ಒಟ್ಟು ನೂರ ಮೂವತ್ತೊಂದು ದಿನ ಸಿಕ್ಕಿತ್ತು. ಅದರಲ್ಲಿ ಹತ್ತೊಂಬತ್ತು ದಿನ ಮುಚ್ಚುಮರೆಯಿಲ್ಲದೆ ಮಾತಾಡಿದ್ದರು. ನೂರ ಹನ್ನೆರಡು ದಿನ ಹೋಗಿತ್ತು.